ಪುಟ್ಟಸ್ವಾಮಿ ಭಾವ ಹಾಕಿಸಿದ ಫ್ಲೆಕ್ಸು

ಶುಕ್ರವಾರ ಬೆಳಗ್ಗೆ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಎದುರು ಕಾಫಿ ಲೋಟ ಹಿಡಿದುಕೊಂಡು ತಲೆ ಎತ್ತಿದರೆ, ಲೈಟು ಕಂಬದ ಮೇಲೆ ನಮ್ಮ ಭಾವ ಪುಟ್ಟಸ್ವಾಮಿ ನಿಂತಿದ್ದರು. ನಿಂತಿದ್ದರು ಅಂದರೆ ಫ್ಲೆಕ್ಸಿನಲ್ಲಿ. ಕೂಲಿಂಗ್ ಗ್ಲಾಸು, ಕೆಂಪು ಟೀ ಶರ್ಟು, ಮುಗಿದ ಕೈ. ಅವರ ತಲೆಯ ಮೇಲೆ, ಅವರಿಗಿಂತ ಬಹಳ ದೊಡ್ಡದಾಗಿ, ನಾನು ಜನ್ಮದಲ್ಲಿ ಕಂಡಿರದ ಒಬ್ಬ ಹೆಂಗಸು, ಕಪ್ಪು ಬಿಳುಪಿನಲ್ಲಿ. ಆಕೆಯ ಎರಡೂ ಪಕ್ಕಕ್ಕೆ ದೀಪ ಉರಿಯುತ್ತಿತ್ತು. ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ'. ಕೆಳಗೆ 'ಮತ್ತೆ ಹುಟ್ಟಿ ಬನ್ನಿ'. ಅದಕ್ಕೂ ಕೆಳಗೆ, 'ಡಾ. ಸಂಘಮಿತ್ರಾ, ಕಟ್ಟಾಯ. ಭಾನುವಾರ ಬೆಳಗ್ಗೆ ಹತ್ತಕ್ಕೆ, ಹಾಸನದ ದೀಪಶ್ರೀ ಥಿಯೇಟರಿನಲ್ಲಿ. ಎಲ್ಲರೂ ಬರಬೇಕು. ಊಟ ಇದೆ. ದುಃಖತಪ್ತರು: ಪುಟ್ಟಸ್ವಾಮಿ, ನಿವೃತ್ತ ಸಂಚಾರ ನಿಯಂತ್ರಕರು, ಮತ್ತು ಕುಟುಂಬ.'

ಕುಟುಂಬ ಅಂದರೆ ಅದರಲ್ಲಿ ನಾನೂ ಸೇರಿದೆ. ಕೆಳಗಿನ ಸಾಲಿನಲ್ಲಿ ನಮ್ಮಕ್ಕ ನಂಜಮ್ಮನ ಪಕ್ಕ ಇರುವವನು ನಾನೇ. ನನ್ನ ಮದುವೆ ಆಲ್ಬಮ್ಮಿನಿಂದ ಕತ್ತರಿಸಿ ಹಾಕಿದ ಫೋಟೋ, ಬಾಸಿಂಗ ಕೂಡ ತೆಗೆದಿಲ್ಲ. ಬಾಸಿಂಗ ಕಟ್ಟಿಕೊಂಡು, ಹಲ್ಲು ಬಿಟ್ಟುಕೊಂಡು, ಗುರುತು ಪರಿಚಯ ಇಲ್ಲದ ಹೆಂಗಸಿನ ಸಾವಿಗೆ ನಾನು ಕಂಬದ ಮೇಲೆ ದುಃಖಪಡುತ್ತಿದ್ದೆ.

ಕಾಫಿ ಅಂಗಡಿಯವನು ಒಮ್ಮೆ ಫ್ಲೆಕ್ಸು, ಒಮ್ಮೆ ನನ್ನ ಮುಖ ನೋಡಿದ.

"ನಿಮ್ಗೇನಾಗ್ಬೇಕು ಸಾ ತೀರ್ಕಂಡೋರು?"

"ಗೊತ್ತಿಲ್ಲ ಕಣಯ್ಯ."

"ದುಃಖದಲ್ಲಿ ಅಂಗೇ ಸಾ, ಏನೂ ತೋಚಕಿಲ್ಲ," ಅಂದು ನನ್ನ ಲೋಟಕ್ಕೆ ಇನ್ನೊಂದಿಷ್ಟು ಕಾಫಿ ಹುಯ್ದ.

ಭಾವನಿಗೆ ಫೋನ್ ಮಾಡಿದೆ. ಅವರು ಹಲೋ ಅನ್ನುವುದಿಲ್ಲ. ಮೂವತ್ತು ಚಿಲ್ಲರೆ ವರ್ಷ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಮೈಕು ಹಿಡಿದು, ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ ಅಂತ ಕೂಗಿದ ಗಂಟಲು ಅದು. ಎದುರಿಗಿರುವವನು ಒಬ್ಬನೇ ಆದರೂ ಊರಿಗೆಲ್ಲ ಕೇಳಿಸುವ ಹಾಗೆಯೇ ಮಾತು.

"ಲೋ ಮೋಹನಾ! ಫ್ಲೆಕ್ಸ್ ನೋಡ್ದೇನ್ಲಾ? ಎಂಗದೆ?"

"ಭಾವ, ಈಯಮ್ಮ ಯಾರು?"

"ಅವರೇ ಕಣ್ಲಾ, ನಮ್ ಸಿಂಧು ಕರೆಸ್ತಾ ಇರೋ ಮೇಡಮ್ಮು. ಬ್ಯಾಲೆ ಡ್ಯಾನ್ಸಿನ ಎಕ್ಸ್‌ಪರ್ಟು. ಜನ ಎಂಗೆ ಮುಗಿಬಿದ್ದವ್ರೆ ಗೊತ್ತಾ? ಬೆಳಗಿಂದ ಒಂದೇ ಸಮ ಫೋನು. ಅರಕಲಗೂಡಿಂದ ಒಬ್ಬ ಮಾತಾಡ್ತಾ ಮಾತಾಡ್ತಾ ಗೋಳೋ ಅಂತ ಅತ್ತೇಬುಟ್ಟ. ಹೊಳೆನರಸೀಪುರದೋರು ಟೆಂಪೋ ಮಾಡ್ಕಂಡು ಬತ್ತಾವ್ರಂತೆ. ನಮ್ ಜನಕ್ಕೆ ಕಲೆ ಅಂದ್ರೆ ಇಷ್ಟು ಪ್ರಾಣ ಅಂತ ನಂಗೆ ಇಷ್ಟು ದಿನ ಗೊತ್ತೇ ಇರ್ಲಿಲ್ಲ ಕಣೋ!"

"ಭಾವ, ನೀವು ಆ ಫ್ಲೆಕ್ಸ್ ನೋಡಿದ್ದೀರಾ?"

"ನಾನೆಲ್ಲಿ ನೋಡ್ಲಿ? ಕಣ್ಣಿನ ಪೊರೆ ತೆಗೆಸ್ಕಂಡು ಕೂತಿವ್ನಿ. ಧೂಳಿಗೆ ಕಾಲಿಡಬ್ಯಾಡ ಅಂದವ್ರೆ ಡಾಕ್ಟ್ರು. ಎಲ್ಲಾ ಫೋನಲ್ಲೇ ಕೆಲಸ. ಸುತ್ತಿದ್ದ ಸುರುಳಿ ಸುತ್ತಿದ್ದಂಗೇ ಫಸ್ಟ್ ಬಸ್ಸಿಗೆ ಹಾಕ್ಸಿ, ನಾಕೂ ಊರಿಗೆ ಮುಟ್ಟಿಸಿಬುಟ್ಟೆ."

ಅದು ಶ್ರದ್ಧಾಂಜಲಿ ಫ್ಲೆಕ್ಸು ಅಂತ ಫೋನಿನಲ್ಲಿ ಹೇಳೋಕೆ ನನಗೆ ಧೈರ್ಯ ಬರಲಿಲ್ಲ. ಹಾಸನದ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ತಲೆ ಕೆಟ್ಟು ಹೋಗಿತ್ತು. ಯಾಕೆ ಅಂದರೆ ಈ ಕಾರ್ಯಕ್ರಮ ಭಾವನದಲ್ಲ, ಅವರ ಮಗಳು, ನನ್ನ ಸೋದರ ಸೊಸೆ ಸಿಂಧೂದು. ಅವಳು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ತಿಂಗಳಿಗೊಂದು ಭಾನುವಾರ ಬೆಳಗ್ಗೆ, ಮಾಮೂಲಿ ಆಟ ಶುರುವಾಗುವ ಮೊದಲು, ದೀಪಶ್ರೀ ಥಿಯೇಟರಿನಲ್ಲಿ ಒಳ್ಳೊಳ್ಳೆ ಹಳೇ ಚಿತ್ರ ತೋರಿಸುವ ಬಳಗ ಒಂದನ್ನು ಕಟ್ಟಿಕೊಂಡಿದ್ದಾಳೆ. ಬಳಗ ಅಂದರೆ ಅವಳು, ಅವಳ ಇಬ್ಬರು ಗೆಳತಿಯರು, ಮತ್ತು ಬಿಸಿಲಿಗೆ ಒಳಗೆ ಬಂದು ಮಲಗುವ ಒಂದಿಬ್ಬರು. ಹಿಂದಿನ ತಿಂಗಳು ಉಪ್ಪಿಟ್ಟು ಕೊಡುತ್ತೇವೆ ಅಂದಿದ್ದಕ್ಕೆ ಜನ ಬಂದರು, ಉಪ್ಪಿಟ್ಟು ತಿಂದು ಕೈ ತೊಳೆದು ಹೋದರು. ಥಿಯೇಟರ್ ಮಾಲೀಕ ಸಿದ್ದೇಶ್ವರ ಆವತ್ತೇ ಹೇಳಿಬಿಟ್ಟಿದ್ದ: "ನೋಡಮ್ಮಾ, ಇದೇ ಕಡೇ ಚಾನ್ಸು. ಹಾಲ್ ತುಂಬಬೇಕು, ತುಂಬಿದ ಜನ ಪಿಚ್ಚರ್ ಮುಗಿಯೋಗಂಟ ಕೂತಿರಬೇಕು. ಇಲ್ಲ ಅಂದ್ರೆ ಭಾನುವಾರ ಬೆಳಗ್ಗೇನ ಕೋಚಿಂಗ್ ಕ್ಲಾಸಿನೋರಿಗೆ ಬರ್ಕೊಟ್ಟುಬಿಡ್ತೀನಿ."

ಆ ಕಡೇ ಚಾನ್ಸಿಗೆ ಹುಡುಗಿ ಆರಿಸಿಕೊಂಡಿದ್ದು ಏನನ್ನು? ನೂರು ವರ್ಷದ ಹಿಂದೆ ಯಾವುದೋ ದೂರದೇಶದ ನೃತ್ಯಶಾಲೆಯಲ್ಲಿ ತೆಗೆದ ಬ್ಯಾಲೆ ಫಿಲಂ. ಬಣ್ಣ ಇಲ್ಲ, ಮಾತಿಲ್ಲ, ಹಾಡೂ ಇಲ್ಲ. ಅಷ್ಟು ವರ್ಷ ಡಬ್ಬಿಯಲ್ಲಿ ಬಿದ್ದಿದ್ದನ್ನು ಈಗ ತೊಳೆದು ತೇಯ್ದು ಸರಿಮಾಡಿದ್ದಾರಂತೆ. ಅದಕ್ಕೆ ಪೀಠಿಕೆ ಹೇಳೋಕೆ ಸಂಘಮಿತ್ರಾ ಮೇಡಂ. ಹುಟ್ಟಿದ್ದು ನಮ್ಮ ಕಟ್ಟಾಯದಲ್ಲೇ ಆದರೂ, ಓದಿ ಡಾಕ್ಟರೇಟು ಮಾಡಿದ್ದು ಎಲ್ಲೆಲ್ಲೋ. ಆ ವಾರ ಇನ್ನೂ ಹೊರದೇಶದಲ್ಲೇ ಇದ್ದರು, ಫೋನ್ ಆಫು. ಭಾನುವಾರ ಬೆಳಗ್ಗೆ ವಿಮಾನ ಇಳಿದು ನೇರ ಹಾಸನಕ್ಕೆ ಬರುವುದು ಅಂತ ಮಾತಾಗಿತ್ತು.

"ಜನ ಬರ್ತಾರೇನಪ್ಪಾ?" ಅಂತ ಸಿಂಧು ಕಣ್ಣೀರು ಹಾಕಿದ್ದಳು. ಭಾವ ಎದೆ ತಟ್ಟಿಕೊಂಡರು. "ಜನ ತುಂಬ್ಸೋದು ನಂಗೆ ಬುಡವ್ವಾ. ಜೀವಮಾನವೆಲ್ಲಾ ಜನಾನ ಬಸ್ಸಿಗೆ ತುಂಬ್ಸಿವ್ನಿ, ಒಂದು ಥಿಯೇಟರ್ ಯಾವ ಲೆಕ್ಕ?"

ತುಂಬಿಸಿದರು, ಮಾತಿಗೆ ತಪ್ಪಲಿಲ್ಲ ಪುಣ್ಯಾತ್ಮ.

ಹಾಸನಕ್ಕೆ ಹೋಗಿ ನೋಡಿದರೆ ಅಕ್ಕನ ಮನೆ ಬಾಗಿಲಲ್ಲಿ ಚಪ್ಪಲಿ ರಾಶಿ. ಬೀದಿಯ ಹೆಂಗಸರೆಲ್ಲ ನಡುಮನೆಯಲ್ಲಿ. ನಂಜಮ್ಮಕ್ಕ ಗೋಡೆಗೆ ಒರಗಿ, ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಎದುರು ಮನೆ ಪಾರ್ವತಮ್ಮ ಅವಳ ಬೆನ್ನು ಸವರುತ್ತಿದ್ದರು.

"ಗಂಡಸ್ರು ಅಂದ್ಮೇಲೆ ಇದ್ದದ್ದೇ ಕಣ್ ಬುಡೆ ನಂಜಮ್ಮಾ. ಆದ್ರೂ ನಿಯತ್ತಿನ ಮನುಷ್ಯ. ಮುಚ್ಚಿಡದೆ ನಾಕೂರಿಗೆ ಗೊತ್ತಾಗಂಗೆ ಹಾಕ್ಸವ್ರೆ. ನಿನ್ ಫೋಟೋನೂ ಬುಟ್ಟಿಲ್ಲ."

ಅಕ್ಕ ನನ್ನನ್ನು ನೋಡಿದ್ದೇ ತಡ ಒಳಕೋಣೆಯ ಕಡೆ ಕೈ ತೋರಿಸಿದಳು. "ಕೇಳೋ ನಿಮ್ ಭಾವನ್ನ! ಕಟ್ಟಾಯದ ಬಸ್ಸಿನ್ ಮೇಲೆ ಅಷ್ಟು ಪ್ರೀತಿ ಯಾಕೆ ಇತ್ತು ಅಂತ ಕೇಳು! ಬೇರೆ ಊರಿನ ಬಸ್ಸಿಗೆ ಒಂದ್ಸಲ ಕೂಗಿದ್ರೆ ಕಟ್ಟಾಯಕ್ಕೆ ಎರಡ್ಸಲ ಕೂಗ್ತಿದ್ರು!"

ಭಾವ ಒಳಕೋಣೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕೂತಿದ್ದರು. ಎಲ್ಲ ಗೊತ್ತಾಗಿತ್ತು. ಆದರೂ ಅವರ ಚಿಂತೆಯೇ ಬೇರೆ.

"ನನ್ ಫೋಟೋ ಚೆನ್ನಾಗಿ ಬಂದದೇನ್ಲಾ?" ಅಂತ ಮೆಲ್ಲಗೆ ಕೇಳಿದರು.

ಸಿಂಧು ಮೂಲೆಯಲ್ಲಿ ನಿಂತಿದ್ದಳು. ಕಣ್ಣು ಊದಿತ್ತು. "ಮಾವ, ಮೇಡಂ ಬಂದು ಇದನ್ನ ನೋಡಿದ್ರೆ ನಾನು ಮುಖ ಎತ್ತೋದು ಹೇಗೆ? ತೆಗೆಸಿಬಿಡಿ ಮಾವ. ಹಾಲ್ ಖಾಲಿ ಇದ್ರೂ ಪರವಾಗಿಲ್ಲ. ಹೋಗ್ಲಿ, ಭಾನುವಾರ ಹೋಗ್ಲಿ." ಹೋಗ್ಲಿ ಅಂದವಳು ಗೋಡೆಯ ಕಡೆ ತಿರುಗಿ ನಿಂತಳು.

ಸರಿ, ಮೊದಲು ಫ್ಲೆಕ್ಸ್ ಅಂಗಡಿಗೆ ಹೋದೆ. ಅಂಗಡಿ ಅನಿಲ್‌ಕುಮಾರಂದು. ಅವನು ಕಂಪ್ಯೂಟರಿನಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಸಿಂಹ ಕೂರಿಸುತ್ತಿದ್ದ.

"ಏನಪ್ಪಾ ಮಾರಾಯ, ಬದುಕಿರೋ ಹೆಂಗಸನ್ನ ಸಾಯಿಸಿದ್ದೀಯಲ್ಲ!"

ಅನಿಲ್‌ಕುಮಾರ ಗಾಬರಿಯಾಗಲಿಲ್ಲ. "ಬದುಕವ್ರಾ?" ಅಂದ. "ಮತ್ತೆ ಬ್ಲ್ಯಾಕ್ ಅಂಡ್ ವೈಟ್ ಫೋಟೋ ಯಾಕೆ ಸಾ ಕೊಟ್ರಿ? ನಮ್ಮಲ್ಲಿ ಕಲರ್ ಫೋಟೋ ಬಂದ್ರೆ ಹುಟ್ಟುಹಬ್ಬ, ಕಪ್ಪು ಬಿಳುಪು ಬಂದ್ರೆ ಇದು. ಅಂಗಡಿ ತೆಗೆದಾಗಿಂದ ಬದುಕಿರೋರ ಕಪ್ಪು ಬಿಳುಪು ಫೋಟೋ ಒಬ್ರೂ ತಂದಿಲ್ಲ."

"ಅದು ಕಲಾವಿದರ ಫೋಟೋ ಕಣಯ್ಯ, ಹಾಗೇ ತೆಗೆಸ್ಕೋತಾರೆ. ಒಂದು ಮಾತು ಕೇಳೋಕೆ ಬಾಯಿ ಇರಲಿಲ್ವಾ?"

"ಸಾವಿನ ಮನೆಯೋರನ್ನ 'ಗ್ಯಾರಂಟಿ ಸತ್ತವ್ರಾ' ಅಂತ ಕೇಳಕ್ಕಾಯ್ತದಾ ಸಾ? ಏನ್ ಬರೀಲಿ ಅಂತ ಕೇಳಿದ್ದಕ್ಕೆ ಪುಟ್ಟಸ್ವಾಮಿಯೋರು, 'ಯಾವಾಗ್ಲೂ ಬರೀತೀಯಲ್ಲಪ್ಪ ಅಂಗೇ ಬರಿ, ಗೌರವವಾಗಿ ಬರಿ, ಊಟ ಇದೆ ಅಂತ ಮರೀದೆ ಹಾಕು' ಅಂದ್ರು. ಊಟ ಅಂದ್ಮೇಲೆ ತಿಥಿ ಅಲ್ವಾ? ಛತ್ರ ಸಿಕ್ಕಿಲ್ಲ, ಥಿಯೇಟರಲ್ಲಿ ಮಾಡ್ತಾವ್ರೆ ಅನ್ಕಂಡೆ. ಮೇಲಾಗಿ ಅವರ ಗಂಟಲು ಬೇರೆ ಕಟ್ಟಿತ್ತು."

ಗಂಟಲು ಕಟ್ಟಿದ್ದು ನಿಜ. ಕಣ್ಣಿಗೆ ಬಿಟ್ಟ ಔಷಧಿ ಗಂಟಲಿಗೆ ಇಳಿದು ಭಾವ ಎರಡು ದಿನದಿಂದ ಗೊಗ್ಗರು ದನಿಯಲ್ಲಿ ಮಾತಾಡುತ್ತಿದ್ದರು. ಎತ್ತು ಈಯ್ತು ಅಂದರೆ ಕೊಟ್ಟಿಗೇಲಿ ಕಟ್ಟು ಅಂದರಂತೆ. ಇಲ್ಲಿ ಎತ್ತು ಈಯ್ತು ಅಂತ ಯಾರೂ ಹೇಳಿರಲೂ ಇಲ್ಲ, ಅನಿಲ್‌ಕುಮಾರ ತಾನಾಗಿಯೇ ಕಟ್ಟಿಬಿಟ್ಟಿದ್ದ.

ಇನ್ನು ತೆಗೆಸುವ ಕೆಲಸ. ರಸ್ತೆಯಲ್ಲಿ ಒಂದು ಗಾಡಿ ನಿಲ್ಲಿಸಿಕೊಂಡು ನಗರಸಭೆಯ ಒಬ್ಬ ಸಾಹೇಬರು ಫ್ಲೆಕ್ಸುಗಳನ್ನು ಕಿತ್ತು ಕಿತ್ತು ತುಂಬಿಸುತ್ತಿದ್ದರು. ದೇವರೇ ಕಳಿಸಿದ ಹಾಗಾಯಿತು. ಹುಟ್ಟುಹಬ್ಬದ ಫ್ಲೆಕ್ಸು ಪರಪರ ಹರಿದರು, ಟ್ಯೂಷನ್ನಿನದು ಹರಿದರು, ನಮ್ಮದರ ಮುಂದೆ ಬಂದು ಚಪ್ಪಲಿ ಬಿಟ್ಟು ಕೈ ಮುಗಿದು ಮುಂದಕ್ಕೆ ಹೋದರು.

"ಸಾರ್, ಇದನ್ನೂ ತೆಗೀರಿ ಸಾರ್!"

"ಸಾವಿಂದು ಹನ್ನೊಂದು ದಿನ ಮುಟ್ಟಲ್ಲ ಕಣ್ರಿ. ನಂಗೂ ಹೆಂಡ್ತಿ ಮಕ್ಕಳವ್ರೆ."

"ಇವರು ಸತ್ತಿಲ್ಲ ಸಾರ್."

"ಸತ್ತಿಲ್ಲ ಅನ್ನೋದಕ್ಕೆ ಏನಾದ್ರೂ ದಾಖಲೆ ಇದೆಯಾ?"

ಸತ್ತದ್ದಕ್ಕೆ ಸರ್ಟಿಫಿಕೇಟು ಸಿಗುತ್ತದೆ. ಬದುಕಿರುವುದಕ್ಕೆ ಪಿಂಚಣಿಯವರ ಹತ್ತಿರ ಬಿಟ್ಟರೆ ಮಿಕ್ಕವರ ಹತ್ತಿರ ಏನಿರುತ್ತದೆ? ಸಾಹೇಬರು ನನ್ನ ಬಾಸಿಂಗದ ಫೋಟೋ ಗುರುತು ಹಿಡಿದು ಭುಜ ತಟ್ಟಿದರು. "ಒಪ್ಪಿಕೊಳ್ಳೋಕೆ ಕಷ್ಟ ಆಗುತ್ತೆ ಕಣ್ರಿ. ನಮ್ಮಪ್ಪ ಹೋದಾಗ ನಾನೂ ಹಿಂಗೇ ಅಂತಿದ್ದೆ."

ಶನಿವಾರ ನಾನೇ ಧೈರ್ಯ ಮಾಡಿ ಚನ್ನರಾಯಪಟ್ಟಣದಲ್ಲಿ ಕಂಬಕ್ಕೆ ಏಣಿ ಹಾಕಿದೆ. ಒಂದು ಹಗ್ಗ ಬಿಚ್ಚಿದ್ದೆ, ಅಷ್ಟರಲ್ಲಿ ಕೆಳಗೆ ಜನ ಸೇರಿದರು.

"ಯಾವನ್ಲಾ ಅವ್ನು, ಸತ್ತೋರ ಫ್ಲೆಕ್ಸ್ ಕೀಳೋನು? ಇಳೀಲಾ ಕೆಳಕ್ಕೆ!"

"ಆಸ್ತಿ ಜಗಳ ಇರ್ಬೇಕು ಕಣ. ಫೋಟೋ ನೋಡು, ಅವ್ನೇ. ಆಗ ನಗ್ತಿದ್ದ, ಈಗ ಕೀಳ್ತಾವ್ನೆ."

ಅವರ ಕೈಗೆ ಸಿಕ್ಕಿದ್ದರೆ ನನ್ನದೂ ಒಂದು ಕಪ್ಪು ಬಿಳುಪು ಫೋಟೋ ಹುಡುಕಬೇಕಾಗುತ್ತಿತ್ತು. ಬಿಚ್ಚಿದ ಹಗ್ಗವನ್ನು ಮೊದಲಿಗಿಂತ ಬಿಗಿಯಾಗಿ ಕಟ್ಟಿ ಇಳಿದೆ.

ಅನಿಲ್‌ಕುಮಾರನಿಗೆ ಕೊನೆಗೆ ಪಾಪ ಅನ್ನಿಸಿತು. ಫ್ಲೆಕ್ಸುಗಳ ಮೇಲೆ ಅಂಟಿಸೋಕೆ ಅಂತ, 'ಡಾ. ಸಂಘಮಿತ್ರಾ ಅವರು ಬದುಕಿದ್ದಾರೆ' ಅನ್ನುವ ಪಟ್ಟಿ ಪುಕ್ಕಟೆ ಅಚ್ಚುಹಾಕಿ ಕೊಟ್ಟ. ಅಂಟಿಸುವುದಕ್ಕೆ ಯಾರೂ ಅಡ್ಡಿ ಮಾಡಲಿಲ್ಲ. ಅಂಟಿಸಿ ದೂರ ನಿಂತು ನೋಡಿದೆ. ಬಸ್ಸಿಗೆ ಕಾಯುತ್ತಿದ್ದ ಒಬ್ಬ ಮೇಷ್ಟರು ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಎಂಥಾ ಮಾತು ಬರೆಸಿದ್ದಾರೆ ನೋಡಿ. ಒಳ್ಳೆಯವರಿಗೆ ಸಾವೆಲ್ಲಿ?" ಅಂದರು. ಪಕ್ಕದಲ್ಲಿ ಬಸ್ಸಿಗೆ ನಿಂತಿದ್ದ ಹೆಂಗಸರು ಕೂಡ ಲೊಚಗುಟ್ಟಿದರು. ಅಲ್ಲಿಗೆ ನಾನು ಕೈಚೆಲ್ಲಿದೆ.

ಸಿದ್ದೇಶ್ವರನಿಗೆ ಅಷ್ಟು ಹೊತ್ತಿಗೆ ಸುದ್ದಿ ಮುಟ್ಟಿತ್ತು. "ನನ್ ಥಿಯೇಟರಲ್ಲಿ ತಿಥಿ ಮಾಡ್ತೀರಾ? ಮುಂದಿನ ವಾರ ಹೊಸ ಪಿಚ್ಚರ್ ಅದೆ, ಸೂತಕ ಆಗಲ್ವಾ?" ಅಂತ ಫೋನಿನಲ್ಲಿ ಹಾರಾಡಿದ. ಆಮೇಲೆ ಸ್ವಲ್ಪ ತಡೆದು, "ಎಷ್ಟ್ ಜನ ಬರಬಹುದು?" ಅಂದ. ಹೇಳಿದೆ. "ಮುಗಿಯೋಗಂಟ ಕೂತಿರಬೇಕು, ಅದು ಮಾತ್ರ ಜ್ಞಾಪಕ ಇರಲಿ," ಅಂತ ಫೋನ್ ಇಟ್ಟ.

ಭಾನುವಾರ ಬಂತು. ಹುಟ್ಟಿದಾಗಿನಿಂದ ಸಿನಿಮಾ ನೋಡಿದ್ದೇನೆ, ಥಿಯೇಟರಿನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗುವ ಜನರನ್ನು ಆವತ್ತೇ ಕಂಡದ್ದು. ಅರಕಲಗೂಡಿನವರು ಬಂದರು. ಹೊಳೆನರಸೀಪುರದ ಟೆಂಪೋ ಬಂತು. ರಿಟೈರಾದ ಡ್ರೈವರ್ರು, ಕಂಡಕ್ಟರ್ರು, ಅವರ ಹೆಂಡಿರು ಎಲ್ಲ ಬಂದರು. ಇವರ್ಯಾರೂ ಮೇಡಮ್ಮನ್ನು ಕಂಡವರಲ್ಲ, ಭಾವನ ಮುಖ ನೋಡಿ ಬಂದವರು. ಕೊನೆಗೆ ಕಟ್ಟಾಯದಿಂದ ಎರಡು ಲಗೇಜ್ ಆಟೋ ತುಂಬ ಸಂಘಮಿತ್ರಾ ಅವರ ಸ್ವಂತ ನೆಂಟರೇ ಬಂದಿಳಿದರು. ಎಲ್ಲ ಬಿಳಿ ಬಟ್ಟೆ. ಕೈಯಲ್ಲಿ ಮೇಣದ ಬತ್ತಿ, ಹಾರ. ಬರಿಗೈಯಲ್ಲಿ ಬರಬಾರದು ಅಂತ ಒಂದೊಂದು ಮನೆಯವರೂ ಅಕ್ಕಿ, ಕಾಯಿ, ಕುಂಬಳಕಾಯಿ ತಂದಿದ್ದರು. ಭಾವ ಹೇಳಿಸಿದ್ದ ಪುಳಿಯೋಗರೆ ಪೊಟ್ಟಣ ಈ ಜನಕ್ಕೆ ಮೂಲೆಗೂ ಸಾಲುತ್ತಿರಲಿಲ್ಲ. ಥಿಯೇಟರಿನ ಹಿಂದೆ ಒಲೆ ಹೂಡಿ ಆ ಅಕ್ಕಿಯನ್ನೇ ಬೇಯಿಸಲು ಹಾಕಿದ್ದಾಯಿತು.

ನೆಂಟರ ಮುಂದಾಳು ದೊಡ್ಡತಾಯಮ್ಮ, ಮೇಡಂ ತಾಯಿಯ ಅಕ್ಕ. ಎಂಬತ್ತು ದಾಟಿದ ಮುದುಕಿ. ಪಕ್ಕದಲ್ಲಿ ಅವರ ಕೊಂಕುಳಿಗೆ ಕೈ ಕೊಟ್ಟುಕೊಂಡು ಮೇಡಮ್ಮನ ಚಿಕ್ಕಪ್ಪ ದ್ಯಾವಯ್ಯ. ಸಿಂಧು ಓಡಿಹೋಗಿ ಮುದುಕಿಯ ಕೈ ಹಿಡಿದುಕೊಂಡು, "ಅಜ್ಜಿ, ಮೇಡಂ ಸತ್ತಿಲ್ಲ ಅಜ್ಜಿ, ತಪ್ಪಾಗಿದೆ," ಅಂದಳು.

ಅಜ್ಜಿ ಅವಳ ತಲೆ ಸವರಿದರು. "ಅಂಗೇ ಅಂದ್ಕಂಡು ಸಮಾಧಾನ ಮಾಡ್ಕ ಮಗ."

ಒಳಗೆ ಬೆಳ್ಳಿ ಪರದೆಯ ಮುಂದೆ ಒಂದು ಮೇಜು. ಅದರ ಮೇಲೆ ಕಟ್ಟಾಯದವರು ಮೇಡಂ ಫೋಟೋ ಇಟ್ಟು, ಹಾರ ಹಾಕಿ, ಮೇಣದ ಬತ್ತಿ ಹಚ್ಚಿದರು. ಹಾಲಿನಲ್ಲಿ ಒಂದು ಸೀಟೂ ಖಾಲಿ ಇಲ್ಲ. ಕೆಮ್ಮುವವರು ಕೂಡ ಟವಲಿಗೆ ಕೆಮ್ಮುತ್ತಿದ್ದರು. ಸಿದ್ದೇಶ್ವರ ಬಾಗಿಲಲ್ಲಿ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

ಅಷ್ಟರಲ್ಲಿ ಟ್ಯಾಕ್ಸಿ ಬಂತು.

ಸಂಘಮಿತ್ರಾ ಮೇಡಂ ಇಳಿದರು. ಅರವತ್ತರ ಆಸುಪಾಸು, ಕತ್ತರಿಸಿದ ಬಿಳಿ ಕೂದಲು, ಹೆಗಲಿಗೆ ಬಟ್ಟೆ ಚೀಲ. ಥಿಯೇಟರಿನ ನೆತ್ತಿಯ ಮೇಲಿದ್ದ ಫ್ಲೆಕ್ಸನ್ನು ನೋಡಿದರು. ಓದಿದರು. ಇನ್ನೊಂದು ಸಲ ಓದಿದರು. ನಾನು, ಸಿಂಧು, ಭಾವ ಮೂವರೂ ತಪ್ಪು ಮಾಡಿದ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದೆವು.

"ಈ ಬಾಸಿಂಗ ಕಟ್ಕೊಂಡಿರೋರು ಯಾರು?" ಅಂದರು.

ಸಿಂಧು ಅಳುತ್ತಲೇ ನಡೆದದ್ದೆಲ್ಲ ಹೇಳಿದಳು. ಮೇಡಂ ಬೈಯಲಿಲ್ಲ. "ಒಳಗೆ ಎಷ್ಟು ಜನ ಇದ್ದಾರೆ?" ಅಂದರು. ಬಾಗಿಲಿನ ಪರದೆ ಸರಿಸಿ ಇಣುಕಿದರು. ಮುಂದಿನ ಸಾಲಿನಲ್ಲಿ ಕೂತ ಬಿಳಿ ಬಟ್ಟೆಯವರನ್ನು ಕಂಡ ಕೂಡಲೇ ಅವರ ಮುಖ ಬದಲಾಯಿತು.

"ಅದು ನಮ್ಮ ದೊಡ್ಡವ್ವ," ಅಂದರು. "ಚಿಕ್ಕಪ್ಪಾನೂ ಬಂದವ್ರೆ. ನನ್ನ ಪ್ರತಿಯೊಂದು ಕಾರ್ಯಕ್ರಮಕ್ಕೂ ಕಾರ್ಡ್ ಕಳಿಸಿದ್ದೀನಿ ಕಣಮ್ಮ. ಒಬ್ಬರೂ ಒಂದಕ್ಕೂ ಬಂದಿರಲಿಲ್ಲ."

ಅಲ್ಲಿಂದ ಸೀದಾ ಒಳಕ್ಕೆ ನಡೆದು, ತಮ್ಮದೇ ಫೋಟೋ ಪಕ್ಕದಲ್ಲಿ ನಿಂತರು. ಹಾಲಿನಲ್ಲಿ ಹೋ ಅಂತ ಒಂದು ಸದ್ದೆದ್ದಿತು. ಹಿಂದಿನ ಸಾಲಿನ ಹೆಂಗಸೊಬ್ಬಳು 'ಅಯ್ಯೋ ಶಿವನೇ' ಅಂತ ಪಕ್ಕದವಳ ಮಡಿಲಿಗೆ ಬಿದ್ದಳು. ದೊಡ್ಡತಾಯಮ್ಮ ಮಾತ್ರ ಅಲ್ಲಾಡಲಿಲ್ಲ. ದ್ಯಾವಯ್ಯನ ಕೈ ಬಿಡಿಸಿಕೊಂಡು ಎದ್ದು ಬಂದು, ಸಂಘಮಿತ್ರಾ ಅವರ ಕೆನ್ನೆ ಹಿಂಡಿ ನೋಡಿದರು.

"ಸತ್ತಿಲ್ವೇನೇ ನೀನು?"

"ಇಲ್ಲ ದೊಡ್ಡವ್ವ."

"ಮತ್ತೆ ಇಷ್ಟ್ ಜನ ಬಂದವ್ರಲ್ಲಾ?" ಅಂದು ಹಿಂದಕ್ಕೆ ತಿರುಗಿ ಹಾಲನ್ನೆಲ್ಲ ನೋಡಿದರು. ಇಷ್ಟು ಜನರ ಮಾತು ನಂಬಬೇಕೋ, ಕೈಗೆ ಸಿಕ್ಕ ಕೆನ್ನೆ ನಂಬಬೇಕೋ ಅಂತ ಒಂದು ಗಳಿಗೆ ಅವರಿಗೆ ತೋಚಲಿಲ್ಲ. ಆಮೇಲೆ ಮೇಡಂ ಬೆನ್ನಿಗೆ ರಪ್ಪನೆ ಒಂದು ಗುದ್ದು ಕೊಟ್ಟು, ಅವರನ್ನು ತಬ್ಬಿಕೊಂಡು ಗಟ್ಟಿಯಾಗಿ ಅತ್ತರು. "ಮೂರು ದಿನದಿಂದ ಗಂಟಲಿಗೆ ಅನ್ನ ಇಳಿದಿಲ್ಲ ಕಣೇ ಮುಂಡೇದೆ!"

ಹಾಲಿನಲ್ಲಿ ಗುಜುಗುಜು ಶುರುವಾಯಿತು. "ಸತ್ತಿಲ್ವಂತೆ." "ಮತ್ತೆ ನಮ್ಮನ್ಯಾಕೆ ಕರೆಸಿದ್ರು?" "ಬೇಸಾಯ ಬುಟ್ಟು ಬಂದಿದೀವಿ." ಒಂದಿಬ್ಬರು ಎದ್ದೇಬಿಟ್ಟರು. ಅವರ ಹಿಂದೆ ಒಂದು ಸಾಲು ಎದ್ದಿತು. ಬಾಗಿಲಲ್ಲಿ ಸಿದ್ದೇಶ್ವರ ಕೈಕಟ್ಟಿ ನಿಂತು ಸಿಂಧುವಿನ ಕಡೆ ನೋಡಿ ತಲೆಯಾಡಿಸಿದ. ಅವಳ ಮುಖ ಬಿಳಿಚಿಕೊಂಡಿತು.

ಮಗಳ ಮುಖ ನೋಡಿ ಭಾವನಿಗೆ ತಡೆಯಲಾಗಲಿಲ್ಲ. ಹೋಗಿ ಮೈಕು ಹಿಡಿದರು. ಹಿಡಿದ ಕೂಡಲೇ ಹಳೇ ಗಂಟಲು ತಾನಾಗಿ ತೆರೆದುಕೊಂಡಿತು.

"ಪ್ರಯಾಣಿಕರ ಗಮನಕ್ಕೆ! ತಾಂತ್ರಿಕ ಕಾರಣಗಳಿಂದ ನಿಧನರಾಗಿದ್ದಾರೆಂದು ಪ್ರಕಟಿಸಲಾಗಿದ್ದ ಡಾ. ಸಂಘಮಿತ್ರಾ ಅವರು ಸುರಕ್ಷಿತವಾಗಿ ಆಗಮಿಸಿರುತ್ತಾರೆ! ಇದರಿಂದ ತಮಗೆ ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ! ದಯವಿಟ್ಟು ಯಾರೂ ಸೀಟು ಬಿಟ್ಟು ಏಳಬಾರದು!"

ಇನ್ನೊಂದು ಸಾಲು ಎದ್ದಿತು.

ಆಗ ದೊಡ್ಡತಾಯಮ್ಮ ಕಣ್ಣೊರೆಸಿಕೊಂಡು ಜನರ ಕಡೆ ತಿರುಗಿದರು. ಮೈಕು ಬೇಕಾಗಲಿಲ್ಲ.

"ಎಲ್ಲಿಗ್ರಲಾ ಎದ್ರಿ? ಸತ್ತವಳೆ ಅಂತ ಒಂದ್ ದಿನ ಕೊಟ್ಟು ಬಂದಿದ್ರಿ. ಬದುಕವ್ಳೆ ಅಂದಿದ್ದಕ್ಕೆ ಆ ದಿನಾನ ವಾಪಸ್ ಈಸ್ಕಂಡು ಓಯ್ತೀರಾ? ಕೂತ್ಕಳ್ರಿ ಸುಮ್ಕೆ! ನನ್ ಮಗ ಏನೋ ತೋರುಸ್ತಾಳಂತೆ."

ನಾಲ್ಕು ಊರಿನವರೂ ಸದ್ದಿಲ್ಲದೆ ಕೂತರು. ಮೊದಲು ಎದ್ದಿದ್ದವನು ಎಲ್ಲರಿಗಿಂತ ಮೊದಲು ಕೂತ.

ಸಂಘಮಿತ್ರಾ ಮೇಡಂ ಚೀಲದಿಂದ ಬರೆದು ತಂದಿದ್ದ ಭಾಷಣ ತೆಗೆದರು. ಮೊದಲ ಹಾಳೆ ನೋಡಿ, ದೊಡ್ಡವ್ವನನ್ನು ನೋಡಿ, ಮಡಿಸಿ ಒಳಕ್ಕೆ ಹಾಕಿದರು.

"ಇದು ಬ್ಯಾಲೆ ಅಂತ ಒಂದು ಕುಣಿತ," ಅಂದರು. "ಕಾಲ್ಬೆರಳ ತುದೀಲಿ ನಿಂತು ಕುಣೀತಾರೆ. ಈಗ ನೋಡೋದು ಪ್ರದರ್ಶನ ಅಲ್ಲ, ಹುಡುಗೀರು ಕಲೀತಾ ಇದ್ದಾಗ ಯಾರೋ ತೆಗೆದಿದ್ದು. ಇವರಲ್ಲಿ ಯಾರೂ ಈಗ ಬದುಕಿಲ್ಲ. ಹೆಚ್ಚು ಜನರ ಹೆಸರೂ ನಮಗೆ ಗೊತ್ತಿಲ್ಲ. ಇವರಿಗೆ ಯಾರೂ ಫ್ಲೆಕ್ಸ್ ಹಾಕಲಿಲ್ಲ. ನೀವು ನನಗೆ ಅಂತ ಹಾರ ತಂದಿದ್ದೀರಿ. ಅದನ್ನ ಇವರಿಗೆ ಅಂದ್ಕೊಂಡು ನೋಡಿ."

ಅಷ್ಟೇ ಪೀಠಿಕೆ. ಅವರೇ ಮೇಜಿನಿಂದ ತಮ್ಮ ಫೋಟೋ ತೆಗೆದು ಕೆಳಗಿಟ್ಟರು. ಮೇಣದ ಬತ್ತಿಗಳನ್ನು ಹಾಗೇ ಬಿಟ್ಟು, ಮೇಜನ್ನು ಪರದೆಗೆ ಅಡ್ಡ ಬಾರದ ಹಾಗೆ ಪಕ್ಕಕ್ಕೆ ಸರಿಸಿದರು. ದೀಪ ಆರಿತು.

ಪರದೆಯ ಮೇಲೆ ಒಂದು ದೊಡ್ಡ ಕೋಣೆ. ಗೋಡೆಗುಂಟ ಕಂಬಿ ಹಿಡಿದು ನಿಂತ ಹುಡುಗಿಯರು ಒಂದೇ ಸಲಕ್ಕೆ ಬೆರಳ ತುದಿಗೆ ಏರಿದರು. ದನಿ ಇಲ್ಲದ ಫಿಲಂ, ಉಸಿರು ಬಿಗಿಹಿಡಿದ ಜನ. ಒಬ್ಬಳು ಹುಡುಗಿ ನಡುವೆ ಬಂದು ಬುಗುರಿ ತಿರುಗಿದ ಹಾಗೆ ತಿರುಗಿದಳು, ಬಿದ್ದಳು. ಎದ್ದಳು, ತಿರುಗಿದಳು, ಬಿದ್ದಳು. ಮತ್ತೆ ಬಿದ್ದಾಗ ಮಂಡಿ ಹಿಡಿದುಕೊಂಡು ಕೂತುಬಿಟ್ಟಳು.

"ಏಳವ್ವಾ, ಏಳು," ಅಂದರು ಕತ್ತಲಲ್ಲಿ ದ್ಯಾವಯ್ಯ.

ಅವಳು ಎದ್ದಳು. ಈ ಸಲ ತಿರುಗಿದವಳು ನಿಲ್ಲಲೇ ಇಲ್ಲ. ತಿರುಗಿ ತಿರುಗಿ ಕೊನೆಗೆ ಒಂದೇ ಬೆರಳ ಮೇಲೆ ತಡೆದು ನಿಂತು, ಕ್ಯಾಮೆರಾದ ಕಡೆ ನೋಡಿ ನಕ್ಕಳು. ಅಲ್ಲಿಗೆ ಫಿಲಂ ಮುಗಿಯಿತು. ಪರದೆ ಬೆಳ್ಳಗಾಯಿತು. ನನ್ನ ಪಕ್ಕದಲ್ಲಿ ನಂಜಮ್ಮಕ್ಕ ಮೂಗು ಒರೆಸಿಕೊಂಡಳು. ಡಾಕ್ಟರು ಅಳಬಾರದು ಅಂದಿದ್ದರೂ ಭಾವ ಕಪ್ಪು ಕನ್ನಡಕದ ಅಡಿಗೆ ಕರ್ಚೀಫು ತೂರಿಸುತ್ತಿದ್ದರು.

ಹಿಂದಿನಿಂದ ಯಾರೋ, ಊರ ನಾಟಕದಲ್ಲಿ ಕೂಗುವ ಹಾಗೆ, "ಒನ್ಸ್ ಮೋರ್!" ಅಂತ ಕೂಗಿದರು. ಹಾಲಿಗೆ ಹಾಲೇ ಕೂಗಿತು. ಸಿದ್ದೇಶ್ವರನೇ ಮೆಟ್ಟಿಲು ಹತ್ತಿ ಓಡಿಹೋಗಿ ಮೊದಲಿನಿಂದ ಇನ್ನೊಂದು ಸಲ ಆಡಿಸಿದ. ಒಬ್ಬನೂ ಏಳಲಿಲ್ಲ. ಅನ್ನ ಬೆಂದು ಆರಿತು.

ಊಟವಾಗಿ ಹೊರಡುವಾಗ ಸಿದ್ದೇಶ್ವರ ಸಿಂಧು ಹತ್ತಿರ ಬಂದು ತಲೆ ಕೆರೆದುಕೊಂಡ. "ಭಾನುವಾರ ನಿಂದೇ ಕಣಮ್ಮಾ, ಇಟ್ಕೊ. ಆದ್ರೆ ಒಂದು ಮಾತು. ಮುಂದಿನ್ ತಿಂಗಳು ಯಾರು ಸಾಯ್ತಾರೆ?"

"ಯಾರೂ ಸಾಯಲ್ಲ," ಅಂದರು ಸಂಘಮಿತ್ರಾ ಮೇಡಂ. ದೊಡ್ಡತಾಯಮ್ಮ ಹಾರ ವ್ಯರ್ಥ ಮಾಡಬಾರದು ಅಂತ ಫೋಟೋದಿಂದ ತೆಗೆದು ಅವರ ಕೊರಳಿಗೇ ಹಾಕಿದ್ದರು, ಅದನ್ನು ಅವರು ಇನ್ನೂ ತೆಗೆದಿರಲಿಲ್ಲ. "ಇನ್ನೂ ಒಂದು ಡಬ್ಬಿ ಫಿಲಂ ಇದೆ. ದೊಡ್ಡವ್ವ, ಮುಂದಿನ ತಿಂಗಳೂ ಬಾ. ಕಾರ್ಡ್ ಕಳಿಸ್ತೀನಿ."

"ಕಾರ್ಡ್ ಗೀರ್ಡ್ ಬ್ಯಾಡ ಕಣವ್ವ," ಅಂದರು ಮುದುಕಿ ಆಟೋ ಹತ್ತುತ್ತಾ. "ಕಾರ್ಡ್ ಬಂದ್ರೆ, ದೊಡ್ ದೊಡ್ಡೋರು ಇರ್ತಾರೆ, ನಾವ್ ಓಗಿ ಎಲ್ ಕೂತ್ಕಳದು ಅನ್ಸ್ತಿತ್ತು. ಸಾವಿಗಾದ್ರೆ ಕರೀಬೇಕಾ? ನಮ್ ಮಗ ಅಂತ ನಾವೇ ಎದ್ದು ಬಂದ್ವಿ."

ಆಟೋ ಹೋದ ಮೇಲೂ ಮೇಡಂ ರಸ್ತೆ ನೋಡುತ್ತ ನಿಂತಿದ್ದರು. ಆಮೇಲೆ ಭಾವನ ಕಡೆ ತಿರುಗಿ, "ಪುಟ್ಟಸ್ವಾಮಿಯವರೇ, ಆ ಫ್ಲೆಕ್ಸ್ ತೆಗೆಸಬೇಡಿ," ಅಂದರು.

ತೆಗೆಸಲಿಲ್ಲ. ತಿಂಗಳು ತಿಂಗಳು ಅನಿಲ್‌ಕುಮಾರ ಕೆಳಗೆ ಹೊಸ ತಾರೀಖಿನ ಪಟ್ಟಿ ಅಂಟಿಸುತ್ತಾನೆ. ದೀಪ, ಶ್ರದ್ಧಾಂಜಲಿ, ನನ್ನ ಬಾಸಿಂಗ ಎಲ್ಲ ಹಾಗೇ ಇವೆ. ಹನ್ನೊಂದು ದಿನ ಕಳೆದು ಎಷ್ಟೋ ಕಾಲವಾಯಿತು, ಆದರೂ ಯಾರೂ ಕೈ ಹಾಕಿಲ್ಲ. ಮೊನ್ನೆ ಚನ್ನರಾಯಪಟ್ಟಣದಲ್ಲಿ ನಾನು ಕಾಫಿ ಕುಡಿಯುತ್ತಿದ್ದಾಗ, ಹಳ್ಳಿಯಿಂದ ಬಂದ ಒಬ್ಬ ಯಜಮಾನರು ಕಂಬದ ಮುಂದೆ ನಿಂತು ತಲೆಗೆ ಸುತ್ತಿದ್ದ ಟವಲು ತೆಗೆದು ಕೈ ಮುಗಿದರು.

"ಪಾಪ, ಯಾವಾಗ ತೀರ್ಕಂಡ್ರು ಸಾ?" ಅಂತ ನನ್ನನ್ನು ಕೇಳಿದರು.

ಮೊದಮೊದಲು ತಿದ್ದುತ್ತಿದ್ದೆ. ಈಗ ಬಿಟ್ಟಿದ್ದೇನೆ.

"ಭಾನುವಾರ ಹತ್ತು ಗಂಟೆಗೆ ಬನ್ನಿ ಯಜಮಾನ್ರೆ," ಅಂದೆ. "ಅವರೇ ಬಾಗಿಲಲ್ಲಿ ನಿಂತಿರ್ತಾರೆ, ಮಾತಾಡ್ಸಿ. ಊಟಾನೂ ಇದೆ."